ಗ್ರಂಥರಾಶಿಗೆ ಕ್ರಮವಿತ್ತ ರಂಗನಾಥನ್

ಭಂಡಾರದಲ್ಲಿ ಸಹಸ್ರಾರು ಗ್ರಂಥಗಳಿದ್ದರೂ, ಬೇಕಾದುದು ಬೇಕಾದ ಹೊತ್ತಿಗೆ ಕೈಗೆ ದೊರೆಯದಿದ್ದರೆ ಅವು ಇದ್ದೂ ಇಲ್ಲದಂತೆಯೇ ಸರಿ. ಈ ಕೊರತೆಯನ್ನು ನೀಗುವುದಕ್ಕಾಗಿ ತಮ್ಮ ಬಾಳನ್ನೇ ಮುಡಿಪಾಗಿಟ್ಟ ಮಹನೀಯರು ಶಿಯಾಳಿ ರಾಮಾಮೃತ ರಂಗನಾಥನ್ ಅವರು.

1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದ ಇವರು ಗಣಿತಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದು, 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಅನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ ನಿಯುಕ್ತರಾದರು. ಓದುಗರೇ ವಿರಳವಾಗಿದ್ದ ಆ ಗ್ರಂಥಾಲಯದ ಏಕಾಂತಕ್ಕೆ ಬೇಸತ್ತು, ಪಾಠ ಹೇಳುವ ಕೆಲಸಕ್ಕೇ ಮರಳಲು ಹಂಬಲಿಸಿದರು. ಆದರೆ ವ್ಯಾಸಂಗಕ್ಕೆಂದು ಲಂಡನ್ನಿಗೆ ತೆರಳಿದ ಮೇಲೆ ಅವರ ಮನಸ್ಸು ತಿರುಗಿತು.

ಅಂದಿನ ವರ್ಗೀಕರಣ ಪದ್ಧತಿಗಳು ಮೊದಲೇ ಕೊರೆದಿಟ್ಟ ಗೂಡುಗಳಂತಿದ್ದವು. ಹೊಸ ವಿಷಯ ಬಂದರೆ ಅದಕ್ಕೆ ತಕ್ಕ ಗೂಡಿರುತ್ತಿರಲಿಲ್ಲ. ಲಂಡನ್ನಿನ ಅಂಗಡಿಯೊಂದರಲ್ಲಿ, ಕೆಲವೇ ಪಟ್ಟಿಗಳನ್ನೂ ತಿರುಪುಗಳನ್ನೂ ಜೋಡಿಸಿ ಬಗೆಬಗೆಯ ಆಟಿಕೆಗಳನ್ನು ರಚಿಸಬಹುದಾದ ಮೆಕಾನೋ ಪೆಟ್ಟಿಗೆಯನ್ನು ಕಂಡಾಗ ರಂಗನಾಥನ್ನರಿಗೆ ದಾರಿ ಹೊಳೆಯಿತು. 1933ರಲ್ಲಿ ಅವರ ಕೋಲನ್ ವರ್ಗೀಕರಣವು ಪ್ರಕಟವಾಯಿತು. 1950ರಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ನಡೆದ ಚಿಕಿತ್ಸೆಯನ್ನು ಕುರಿತ ಗ್ರಂಥವೆಂದರೆ, ಅವಯವ, ರೋಗ, ಕ್ರಿಯೆ, ದೇಶ, ಕಾಲಗಳೆಂದು ವಿಷಯವನ್ನು ಬಿಡಿಸಿ, ಆಯಾ ಅಂಶದ ಸಂಕೇತಗಳನ್ನು ಜೋಡಿಸುವುದೇ ಅದರ ಮರ್ಮ.

ಆದರೆ ಸಂಕೇತವೇ ಸರ್ವಸ್ವವೆಂದು ಅವರು ಎಂದೂ ಭಾವಿಸಲಿಲ್ಲ. ಮೊದಲು ಭಾವ, ಬಳಿಕ ಶಬ್ದ, ಕಡೆಗೆ ಸಂಕೇತ. ಭಾವವು ಒಡೆಯ, ಸಂಕೇತವು ಸೇವಕ ಎಂಬುದು ಅವರ ಬೋಧನೆಯಾಗಿತ್ತು. ಗ್ರಂಥವು ಯಾವುದನ್ನು ಕುರಿತದ್ದೆಂದು ನಿರ್ಣಯಿಸಬೇಕಾದುದು ಮನುಷ್ಯನ ವಿವೇಕ. ಅಲ್ಲಿ ತಪ್ಪಿದರೆ ಎಷ್ಟು ಅಂದವಾದ ಅಂಕೆಯೂ ಗ್ರಂಥವನ್ನು ಹುಗಿದಿಡುವುದೇ ಹೊರತು ತೋರಿಸಿಕೊಡಲಾರದು. ಲೆಕ್ಕದ ಪುಸ್ತಕದಲ್ಲಿ ಬಾಬ್ತು ತಪ್ಪಿ ಬರೆದ ಮೊತ್ತವು ಎಷ್ಟು ಶುದ್ಧವಾಗಿದ್ದರೂ ದಾರಿ ತಪ್ಪಿಸುವುದೆಂದು ಗುಮಾಸ್ತರೆಲ್ಲರೂ ಬಲ್ಲರು.

1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯದ ಪಂಚಸೂತ್ರಗಳಲ್ಲಿ ಒಂದು, ಓದುಗನ ವೇಳೆಯನ್ನು ಉಳಿಸಬೇಕೆಂಬುದು. ದಿನವಿಡೀ ದುಡಿದು, ಒಂದು ಗಂಟೆಯ ಬಿಡುವಿನಲ್ಲಿ ಪುಸ್ತಕವನ್ನರಸಿ ಬರುವವನಿಗೆ ಇದರ ಬೆಲೆ ಚೆನ್ನಾಗಿ ತಿಳಿದೀತು.

1962ರಲ್ಲಿ ಬೆಂಗಳೂರಿನಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ, ಗ್ರಂಥಮಾಹಿತಿಯ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಸ್ಥಾಪಿಸಿದ ರಂಗನಾಥನ್ನರು, 1972ರ ಸೆಪ್ಟೆಂಬರ್ 27ರಂದು ಅದೇ ನಗರದಲ್ಲಿ ದೈವಾಧೀನರಾದರು. ವಿಷಯವನ್ನು ಮುಖಮುಖವಾಗಿ ಬಿಡಿಸಿ ಹುಡುಕುವ ಅವರ ಕ್ರಮವು ಇಂದು ಗಣಕಯಂತ್ರಗಳ ಮಾಹಿತಿ ಭಂಡಾರಗಳಲ್ಲಿಯೂ ಬಳಕೆಯಲ್ಲಿದೆ. ಯಂತ್ರವು ಕ್ಷಣಮಾತ್ರದಲ್ಲಿ ಹುಡುಕಬಲ್ಲುದು. ಯಾವುದು ಯಾವುದರೊಡನೆ ಸೇರಬೇಕೆಂಬ ವಿವೇಚನೆಯನ್ನು ಮಾತ್ರ ಮನುಷ್ಯನೇ ಅದಕ್ಕೆ ಒದಗಿಸಬೇಕು.