ಕಾರಿಗೆ ಕಿಡಿ ಕೊಟ್ಟ ರಾಬರ್ಟ್ ಬಾಷ್

ಬ್ರೂಸ್‌ಪೇಟೆ ಕಡೆ ಹೋದಾಗ ನಿಂತಿರೋ ಹೊಸ ಕಾರಿನ ಕಿಟಕಿಯಲ್ಲಿ ಇಣುಕಿ ನೋಡ್ರಿ. ಸ್ಟೇರಿಂಗ್ ಹಿಂದೆ ಎರಡು ಕಡ್ಡಿ ಇರ್ತಾವ. ಮಾರುತಿಯಂಥ ಕಾರಿನಲ್ಲಿ ಬಲಗಡೆ ಕಡ್ಡಿ ಲೈಟಿಗೆ ಮತ್ತು ಇಂಡಿಕೇಟರಿಗೆ, ಎಡಗಡೆಯದು ವೈಪರಿಗೆ. ಜರ್ಮನಿ ಕಂಪನಿಯ ಎಷ್ಟೋ ಕಾರುಗಳಲ್ಲಿ ಇದು ತಿರುಗಾಮುರುಗಾ. ಅದಕ್ಕೇ ಕಾರು ಬದಲಾಯಿಸಿದ ಡ್ರೈವರು ಇಂಡಿಕೇಟರ್ ಹಾಕೋಕೆ ಹೋಗಿ ಸುಡುಬಿಸಿಲಲ್ಲಿ ವೈಪರ್ ಆಡಿಸ್ತಾರೆ. ನಡುವೆ ಕೆಂಪು ತ್ರಿಕೋನದ ಗುಂಡಿ ಇರುತ್ತದೆ. ಒತ್ತಿದರೆ ಎಲ್ಲಾ ಇಂಡಿಕೇಟರೂ ಒಟ್ಟಿಗೆ ಮಿಣಮಿಣ ಅಂತಾವ. ಗಾಡಿ ಕೆಟ್ಟು ರಸ್ತೆಯಲ್ಲಿ ನಿಂತಾಗ ಅದನ್ನು ಒತ್ತಬೇಕು.

ಮೊದಮೊದಲ ಕಾರುಗಳಲ್ಲಿ ಇವು ಯಾವುವೂ ಇರಲಿಲ್ಲ. ಒಂದೊಂದಾಗಿ ಬಂದವು. ಇವುಗಳಲ್ಲಿ ಬಹಳಷ್ಟನ್ನು ತಯಾರಿಸಿ ಕಾರುಗಳಿಗೆ ಕೊಟ್ಟವರು ಕಾರು ಕಂಪನಿಯವರೇ ಅಲ್ಲ. ಅವರೇ ರಾಬರ್ಟ್ ಬಾಷ್.

ಇವರು 1861ನೇ ಇಸವಿ ಸೆಪ್ಟೆಂಬರ್ 23ರಂದು ಜರ್ಮನಿ ದೇಶದ ಉಲ್ಮ್ ಪಟ್ಟಣದ ಹತ್ತಿರ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆಯವರು ಹೊಲಮನೆ ನೋಡಿಕೊಂಡು ದಾರಿಹೋಕರು ತಂಗುವ ಛತ್ರದಂಥ ಹೋಟೆಲ್ ನಡೆಸುತ್ತಿದ್ದರು. ಹನ್ನೆರಡು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ಶಾಲೆ ಮುಗಿಸಿ ಉಲ್ಮ್‌ನಲ್ಲಿ ಮೆಕ್ಯಾನಿಕ್ ಕೆಲಸ ಕಲಿಯಲು ಸೇರಿದರು. ಆದರೆ ಅಲ್ಲಿ ಯಜಮಾನ ಸರಿಯಾಗಿ ಕಲಿಸಲಿಲ್ಲವಂತೆ. ಮುಂದೆ 1884ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಎಡಿಸನ್ ಅವರ ಕಂಪನಿಯಲ್ಲಿ ದುಡಿದರು. ಬಲ್ಬಿನ ಪಾಠದಲ್ಲಿ ಬರ್ತಾರಲ್ಲ, ಅದೇ ಎಡಿಸನ್.

1886 ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದಲ್ಲಿ ಸ್ವಂತ ವರ್ಕ್‌ಶಾಪ್ ತೆಗೆದರು. ಜೊತೆಗೆ ಇದ್ದವರು ಒಬ್ಬ ಮೆಕ್ಯಾನಿಕ್, ಒಬ್ಬ ಹುಡುಗ ಅಷ್ಟೆ. ಟೆಲಿಫೋನ್ ಕೂಡಿಸುವುದು, ಕರೆಗಂಟೆ ಹಾಕುವುದು, ಸಿಕ್ಕ ಕೆಲಸ ಮಾಡಿದರು. ಗಿರಾಕಿಗಳ ಹತ್ತಿರ ಸೈಕಲ್ ಮೇಲೆ ಹೋಗುತ್ತಿದ್ದರು. ಬಹಳ ವರ್ಷ ಕೈಯಲ್ಲಿ ಕಾಸು ನಿಲ್ಲಲಿಲ್ಲ, ಸಾಲದ ಮೇಲೆಯೇ ನಡೆಸಿದರು.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ಪೆಟ್ರೋಲ್ ಇಂಜಿನ್ ಒಳಗೆ ಪೆಟ್ರೋಲು, ಗಾಳಿ ಕೂಡಿದ ಮೇಲೆ ಸರಿಯಾದ ಹೊತ್ತಿಗೆ ಒಂದು ಕಿಡಿ ಬೀಳಬೇಕು. ಕಿಡಿ ತಪ್ಪಿದರೆ ಗಾಡಿ ನಿಂತಹಾಗೆ. ಬಾಷ್ ಅವರು 1887ರಲ್ಲಿ ಒಂದೇ ಕಡೆ ಕೂತು ನಡೆಯುವ ಇಂಜಿನ್ನಿಗೆ ಮ್ಯಾಗ್ನೆಟೋ ಮಾಡಿಕೊಟ್ಟರು. ಸೈಕಲ್ ಡೈನಮೋ ಗೊತ್ತಲ್ಲ, ಇದು ಅದರ ಅಣ್ಣ ಇದ್ದಹಾಗೆ. ಅಯಸ್ಕಾಂತದ ಹತ್ತಿರ ತಂತಿಯ ಸುರುಳಿ ಆಡಿದರೆ ಕರೆಂಟ್ ಹುಟ್ಟುತ್ತದೆ, ಬ್ಯಾಟರಿ ಬೇಡ. 1897ರಲ್ಲಿ ಇದನ್ನೇ ಸುಧಾರಿಸಿ ಮೂರು ಚಕ್ರದ ಮೋಟಾರು ಗಾಡಿಗೆ ಕೂಡಿಸಿದರು. 1902ರಲ್ಲಿ ಅವರ ಇಂಜಿನಿಯರ್ ಗಾಟ್‌ಲೋಬ್ ಹೊನೊಲ್ಡ್ ಇನ್ನೂ ಜೋರು ಕಿಡಿಯ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ ತಯಾರಿಸಿದರು. ಅಲ್ಲಿಂದ ಸಾಲ ಹೋಯಿತು, ಕಾರ್ಖಾನೆ ಬೆಳೆಯಿತು.

ಆಮೇಲೆ ಉಳಿದವು ಬಂದವು. 1913ರಲ್ಲಿ ಕರೆಂಟಿನ ಹೆಡ್‌ಲೈಟು. ಅದರ ಮುಂದಿನ ವರ್ಷ ಸ್ಟಾರ್ಟರ್. ಅದಕ್ಕೂ ಮುಂಚೆ ಮುಂದೆ ನಿಂತು ಹ್ಯಾಂಡಲ್ ತಿರುವಬೇಕಿತ್ತು, ಹ್ಯಾಂಡಲ್ ಉಲ್ಟಾ ಹೊಡೆದು ಕೈ ಮುರಿದುಕೊಂಡವರು ಬಹಳ ಮಂದಿ. (ಸ್ಟಾರ್ಟರನ್ನು ಕಾರಿಗೆ ಮೊದಲು ಸರಿಯಾಗಿ ಕೂಡಿಸಿದವರು ಅಮೆರಿಕದ ಕೆಟರಿಂಗ್, ಆ ಹೆಸರು ಅವರಿಗೇ ಸಲ್ಲಬೇಕು.) 1921ರಲ್ಲಿ ಹಾರ್ನ್, 1926ರಲ್ಲಿ ಕರೆಂಟಿನ ವೈಪರ್, 1928ರಲ್ಲಿ ಇಂಡಿಕೇಟರ್. ಆಗಿನ ಇಂಡಿಕೇಟರ್ ಮಿಣುಕುತ್ತಿರಲಿಲ್ಲ. ಗುಂಡಿ ಅದುಮಿದರೆ ಕಾರಿನ ಪಕ್ಕದಿಂದ ರೈಲ್ವೆ ಕೈಮರದಂಥ ಪುಟ್ಟ ಕೈ ಹೊರಗೆ ಬರುತ್ತಿತ್ತು! ನನಗೆ ಈಗಿನದಕ್ಕಿಂತ ಅದೇ ಚೆಂದ ಅನಿಸಿತು. ಕೆಳಗೆ ಚಿತ್ರ ಬರೆದಿದ್ದೇನೆ.

ಹಣ ಹೋದರೂ ಗಿರಾಕಿಯ ನಂಬಿಕೆ ಹೋಗಬಾರದು ಎಂಬುದು ಬಾಷ್ ಅವರ ಹಟ. ಕಾರ್ಖಾನೆಯಲ್ಲಿ 1906ರಲ್ಲೇ ದಿನಕ್ಕೆ ಎಂಟು ತಾಸಿನ ಕೆಲಸ ಅಂತ ಗೊತ್ತುಮಾಡಿದರು. ಆಗ ಬೇರೆ ಕಡೆ ಇನ್ನೂ ಹೆಚ್ಚು ಹೊತ್ತು ದುಡಿಸುತ್ತಿದ್ದರು. ನಮ್ಮ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವವರಿಗೆ ಹೊತ್ತು ಮುಳುಗೋದೇ ಗಡಿಯಾರ. ಒಂದನೇ ಮಹಾಯುದ್ಧದಲ್ಲಿ ಬಂದ ಲಾಭದಲ್ಲಿ ದೊಡ್ಡ ಪಾಲನ್ನು ದಾನ ಮಾಡಿದರು. 1921ರಲ್ಲಿ ಮಗ ಕಾಯಿಲೆಯಿಂದ ತೀರಿಕೊಂಡ. 1940ರಲ್ಲಿ ಇವರು ಕೊಟ್ಟ ಹಣದಿಂದ ಸ್ಟುಟ್‌ಗಾರ್ಟಿನಲ್ಲಿ ಆಸ್ಪತ್ರೆ ತೆರೆಯಿತು.

ಇನ್ನೊಂದು ಮಾತು ಬರೆಯಲೇಬೇಕು. ಎರಡನೇ ಮಹಾಯುದ್ಧದಲ್ಲಿ ಇವರ ಕಂಪನಿ ಹಿಟ್ಲರನ ಸೈನ್ಯಕ್ಕೆ ಸಾಮಾನು ತಯಾರಿಸಿತು. ಬೇರೆ ದೇಶಗಳಿಂದ ಬಲವಂತವಾಗಿ ತಂದ ಜನರಿಂದ ದುಡಿಸಿತು. ಎಂಟು ತಾಸಿನ ನಿಯಮ ಮಾಡಿದ ಕಾರ್ಖಾನೆಯಲ್ಲೇ ಹೀಗಾಯಿತು. ಬಾಷ್ ಅವರಿಗೆ ಹಿಟ್ಲರನನ್ನು ಕಂಡರೆ ಆಗುತ್ತಿರಲಿಲ್ಲ. ಇವರೂ ಇವರ ಹತ್ತಿರದವರೂ ಯೆಹೂದಿಗಳಿಗೆ ಗುಟ್ಟಾಗಿ ಸಹಾಯ ಮಾಡಿದರು. ಎರಡೂ ನಿಜ. ಒಂದನ್ನು ಮಾತ್ರ ಬರೆದರೆ ಅದು ಜೀವನ ಚರಿತ್ರೆ ಆಗೋದಿಲ್ಲ, ಹೊಗಳಿಕೆ ಆಗ್ತದೆ.

1942 ಮಾರ್ಚ್ 12ರಂದು ತಮ್ಮ 80ನೇ ವಯಸ್ಸಿನಲ್ಲಿ ಬಾಷ್ ತೀರಿಕೊಂಡರು. ಯುದ್ಧ ಇನ್ನೂ ಮುಗಿದಿರಲಿಲ್ಲ.

ನಮ್ಮ ರಾಜ್ಯಕ್ಕೂ ಇವರ ಹೆಸರಿಗೂ ನಂಟು ಇದೆ. 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್ ಕಂಪನಿಯ ಸಹಾಯದಿಂದ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪಿನ ಸಾಮಾನು ತಯಾರಿಸಿತು. 2008ರಲ್ಲಿ ಮೈಕೋ ಹೆಸರು ಹೋಗಿ ಬಾಷ್ ಎಂದೇ ಆಯಿತು. ಬೆಂಗಳೂರಲ್ಲಿ ಮೈಕೋ ಲೇಔಟ್ ಅನ್ನೋ ಹೆಸರು ಮಾತ್ರ ಹಾಗೇ ಐತಿ. ಬಾಷ್ ಪ್ಲಗ್ಗಿನ ಡಬ್ಬಿ ಸಿಕ್ಕರೆ ಅದರ ಗುರುತು ನೋಡ್ರಿ. ವೃತ್ತದ ನಡುವೆ ಇರೋದು ಆ ಹಳೇ ಮ್ಯಾಗ್ನೆಟೋದ ಒಳಭಾಗ. 1918ರಲ್ಲಿ ಅದನ್ನು ರೂಪಿಸಿದವರು ಅದೇ ಹೊನೊಲ್ಡ್.