ಊರು ಕಳೆದುಕೊಂಡ ಗುರು: ಕೊಮೇನಿಯಸ್

ನಿಮ್ಮ ಜೇಬಿನಲ್ಲಿರುವ ಹತ್ತು ರೂಪಾಯಿ ನೋಟನ್ನು ತಿರುಗಿಸಿ ನೋಡಿ. ಹಿಂಬದಿಯ ಪಟ್ಟಿಯಲ್ಲಿ ಅದರ ಬೆಲೆಯನ್ನು 15 ಭಾಷೆಗಳಲ್ಲಿ ಬರೆದಿದ್ದಾರೆ. ಕನ್ನಡ ನಾಲ್ಕನೆಯದು, ಉರ್ದು ಕೊನೆಯದು. ಯಾವ ಸಾಲಿನಲ್ಲಿ ಓದಿದರೂ ಬೆಲೆ ಮಾತ್ರ ಒಂದೇ.

ಜೆಕ್ ಗಣರಾಜ್ಯದ 200 ಕೊರೂನ ನೋಟಿನ ಮೇಲೆ ಗಡ್ಡ ಬಿಟ್ಟ ಹಿರಿಯರೊಬ್ಬರ ಚಿತ್ರವಿದೆ. ಅವರು ರಾಜರಲ್ಲ, ಸೇನಾಪತಿಯಲ್ಲ, ಒಬ್ಬ ಮೇಷ್ಟ್ರು. ಹೆಸರು ಯಾನ್ ಆಮೋಸ್ ಕೊಮೆನ್ಸ್ಕಿ. ಜಗತ್ತಿಗೆ ಅವರು ಕೊಮೇನಿಯಸ್ ಎಂದೇ ಪರಿಚಿತರು. ಇಂದು ಅವರ ಮುಖವನ್ನು ನೋಟಿನ ಮೇಲೆ ಅಚ್ಚು ಹಾಕುವ ಆ ನಾಡಿಗೆ, ಅವರು ತಮ್ಮ ಬದುಕಿನ ಕೊನೆಯ 42 ವರ್ಷ ಕಾಲಿಡಲು ಆಗಲಿಲ್ಲ.

ಕೊಮೇನಿಯಸ್ ಹುಟ್ಟಿದ್ದು 1592ರ ಮಾರ್ಚ್ 28ರಂದು, ಮೊರಾವಿಯದಲ್ಲಿ. ಅದು ಈಗಿನ ಜೆಕ್ ದೇಶದ ಪೂರ್ವ ಭಾಗ. ಮನೆಮಾತು ಜೆಕ್. ಕುಟುಂಬ ಸಹೋದರರ ಸಂಘ ಎಂಬ ಚಿಕ್ಕ ಪ್ರೊಟೆಸ್ಟಂಟ್ ಪಂಥಕ್ಕೆ ಸೇರಿತ್ತು. ಬಾಲ್ಯದಲ್ಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಓದು ನಿಂತು ನಿಂತು ಸಾಗಿತು. ಲ್ಯಾಟಿನ್ ಶಾಲೆಗೆ ಸೇರಿದಾಗ ಅವರಿಗೆ 16 ವರ್ಷ, ಹೆಚ್ಚುಕಡಿಮೆ ನಮ್ಮ ವಯಸ್ಸು. ಆ ಕಾಲದ ಯೂರೋಪಿನಲ್ಲಿ ಲ್ಯಾಟಿನ್ ಬಾರದಿದ್ದರೆ ಉನ್ನತ ವಿದ್ಯೆಯ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಕಲಿಸುವ ರೀತಿ ಹೇಗಿತ್ತು? ಅರ್ಥವಾಗದ ವ್ಯಾಕರಣ ಸೂತ್ರಗಳ ಬಾಯಿಪಾಠ, ತಪ್ಪಿದರೆ ಬೆತ್ತದ ಏಟು. ವಯಸ್ಸಾದ ಮೇಲೆ ಸೇರಿದ್ದರಿಂದ ಈ ಪದ್ಧತಿಯ ದೋಷ ಅವರಿಗೆ ಚೆನ್ನಾಗಿ ಕಂಡಿತು.

ಮುಂದೆ ಜರ್ಮನಿಯ ಹೆರ್ಬೋರ್ನ್ ಮತ್ತು ಹೈಡೆಲ್‌ಬರ್ಗ್‌ನಲ್ಲಿ ಓದಿದರು. ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಒಂದು ದೊಡ್ಡ ಕೆಲಸ ಶುರುಮಾಡಿದರು: ಜೆಕ್ ಭಾಷೆಯ ನಿಘಂಟು. ವಿದ್ವಾಂಸರೆಲ್ಲ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದಾಗ ಈ ಹುಡುಗ ತನ್ನ ತಾಯಿಯ ಭಾಷೆಯ ಪದಗಳನ್ನು ಒಂದೊಂದಾಗಿ ಕೂಡಿಡುತ್ತಿದ್ದ. ಊರಿಗೆ ಮರಳಿ ಪಾದ್ರಿಯಾದರು, ಫುಲ್ನೆಕ್ ಎಂಬ ಊರಿನಲ್ಲಿ ಶಾಲೆಯನ್ನೂ ನೋಡಿಕೊಂಡರು. ಮದುವೆಯಾಯಿತು, ಮಕ್ಕಳಾದವು.

ಅಷ್ಟರಲ್ಲಿ ಯುದ್ಧ ಬಂತು. 1620ರಲ್ಲಿ ಪ್ರಾಗ್ ಹತ್ತಿರದ ಬಿಳಿ ಬೆಟ್ಟದ ಕದನದಲ್ಲಿ ಪ್ರೊಟೆಸ್ಟಂಟರು ಸೋತರು. ಕೊಮೇನಿಯಸ್ ತಲೆಮರೆಸಿಕೊಂಡು ಅಲೆಯಬೇಕಾಯಿತು. ಅವರು ಹೀಗೆ ಅಡಗಿಕೊಂಡಿದ್ದಾಗಲೇ ಪ್ಲೇಗ್ ಅವರ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೊಂಡೊಯ್ದಿತು. ಫುಲ್ನೆಕ್‌ನಲ್ಲಿ ಬಿಟ್ಟುಬಂದ ಪುಸ್ತಕಗಳನ್ನು ಸುಟ್ಟುಹಾಕಿದರು. 1627ರಲ್ಲಿ ಬೊಹೆಮಿಯಕ್ಕೆ, ಮರುವರ್ಷ ಮೊರಾವಿಯಕ್ಕೆ ಚಕ್ರವರ್ತಿಯ ಹೊಸ ಶಾಸನ ಬಂತು. ಕ್ಯಾಥೊಲಿಕ್ ಪಂಥಕ್ಕೆ ಮಾತ್ರ ಮಾನ್ಯತೆ. ಅದೇ ಶಾಸನ ಜರ್ಮನ್ ಭಾಷೆಗೆ ಜೆಕ್ ಭಾಷೆಯ ಸಮಾನ ಸ್ಥಾನ ಕೊಟ್ಟಿತು. ಕಾಗದದ ಮೇಲೆ ಅದು ಸಮಾನತೆ. ಆದರೆ ಒಂದು ಭಾಷೆಯ ಹಿಂದೆ ಅಧಿಕಾರವಿದ್ದು ಇನ್ನೊಂದರ ಹಿಂದೆ ಏನೂ ಇಲ್ಲದಿದ್ದರೆ ಆಗುವುದೇ ಬೇರೆ. ಕಾಲಕ್ರಮೇಣ ಕಚೇರಿ ಮತ್ತು ದೊಡ್ಡ ಶಾಲೆಗಳಲ್ಲಿ ಜರ್ಮನ್ ಬೆಳೆಯಿತು, ಜೆಕ್ ಹಳ್ಳಿಗಳ ಕಡೆಗೆ ಸರಿಯಿತು.

1628ರಲ್ಲಿ ಕೊಮೇನಿಯಸ್ ಗಡಿ ದಾಟಿ ಪೋಲೆಂಡಿನ ಲೆಶ್ನೊ ಪಟ್ಟಣ ಸೇರಿದರು. ಅಲ್ಲಿ ಪೋಲಿಷರು, ಜರ್ಮನರು, ಓಡಿಬಂದ ಜೆಕ್ ಜನ ಒಟ್ಟಿಗೆ ಇದ್ದರು. ನಿರಾಶ್ರಿತರ ಮಕ್ಕಳಿಗೆ ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮೂರನೆಯದು. ಈ ಮಕ್ಕಳಿಗೆ ಹೇಗೆ ಕಲಿಸುವುದು? ಕೊಮೇನಿಯಸ್ ಅವರ ಮುಖ್ಯ ಕೃತಿಗಳೆಲ್ಲ ಈ ಪ್ರಶ್ನೆಯ ಸುತ್ತ ಬೆಳೆದವು ಎಂದು ನನಗೆ ಅನ್ನಿಸುತ್ತದೆ.

ಬೋಧನೆಯ ಬಗೆಗಿನ ತಮ್ಮ ದೊಡ್ಡ ಗ್ರಂಥವನ್ನು ಅವರು ಮೊದಲು ಬರೆದದ್ದು ಜೆಕ್ ಭಾಷೆಯಲ್ಲಿ. ಊರಿಗೆ ಮರಳಿದಾಗ ಅಲ್ಲಿನ ಶಾಲೆಗಳಿಗೆ ಬೇಕಾಗುತ್ತದೆ ಎಂಬ ಆಸೆಯಿಂದ. ಅದರಲ್ಲಿ ಅವರು ಹೇಳಿದ್ದು ಇಷ್ಟು: ಬಡವರು ಶ್ರೀಮಂತರು ಎನ್ನದೆ, ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳೂ ಶಾಲೆಗೆ ಬರಬೇಕು. ಆರು ವರ್ಷದವರೆಗೆ ತಾಯಿಯ ಮಡಿಲೇ ಶಾಲೆ. ಆರರಿಂದ ಹನ್ನೆರಡರವರೆಗೆ ಮಾತೃಭಾಷೆಯಲ್ಲೇ ಓದು. ಆಮೇಲೆ ನೆರೆಯವರ ಭಾಷೆ, ಆಮೇಲೆ ಲ್ಯಾಟಿನ್. ಒಂದು ಭಾಷೆ ಗಟ್ಟಿಯಾದ ಮೇಲೆ ಇನ್ನೊಂದು. ಅವರ ಲೆಕ್ಕವೂ ಕುತೂಹಲಕಾರಿಯಾಗಿದೆ. ಮಾತೃಭಾಷೆಗೆ ಎಂಟರಿಂದ ಹತ್ತು ವರ್ಷ, ನೆರೆಭಾಷೆಗೆ ಒಂದು ವರ್ಷ, ಲ್ಯಾಟಿನ್‌ಗೆ ಎರಡು ವರ್ಷ ಸಾಕು. ಬುನಾದಿಗೆ ಹೆಚ್ಚು ಬಂಡವಾಳ ಹಾಕಿದರೆ ಮೇಲಿನ ಮಹಡಿಗಳ ಖರ್ಚು ಕಡಿಮೆ ಎಂದು ಕಾಮರ್ಸ್ ವಿದ್ಯಾರ್ಥಿಯಾದ ನಾನು ಇದನ್ನು ಅರ್ಥಮಾಡಿಕೊಂಡೆ.

1631ರಲ್ಲಿ ಅವರ ಲ್ಯಾಟಿನ್ ಪಠ್ಯಪುಸ್ತಕ ಬಂತು. ನೂರು ಅಧ್ಯಾಯ, ಸಾವಿರ ವಾಕ್ಯ, ಸುಮಾರು ಎಂಟು ಸಾವಿರ ಪದ. ಬರೀ ಸೂತ್ರಗಳ ಬದಲು ಬೆಂಕಿ, ನೀರು, ಬೇಸಾಯ, ಮನೆ ಹೀಗೆ ಕಣ್ಣಿಗೆ ಕಾಣುವ ವಸ್ತುಗಳ ಮೂಲಕವೇ ಭಾಷೆ. ಈ ಮಾದರಿಯ ಮೊದಲ ಪುಸ್ತಕವನ್ನು ಸ್ಪೇನಿನಲ್ಲಿದ್ದ ಐರ್ಲೆಂಡಿನ ಜೆಸ್ಯುಯಿಟ್ ಪಾದ್ರಿಗಳು ಮಾಡಿದ್ದರು. ತಮ್ಮನ್ನು ಓಡಿಸಿದ ಪಂಥದವರದೇ ಪುಸ್ತಕವಾದರೂ ಕೊಮೇನಿಯಸ್ ಆ ಋಣವನ್ನು ಮುಚ್ಚಿಡದೆ ಒಪ್ಪಿಕೊಂಡರು. ಪುಸ್ತಕ ಯೂರೋಪಿನ ಬಹುತೇಕ ಭಾಷೆಗಳಿಗೆ ಹೋಯಿತು. ಇಂಗ್ಲೆಂಡ್ ಕರೆಯಿತು, ಸ್ವೀಡನ್ ಪಠ್ಯಪುಸ್ತಕ ಬರೆಸಿತು. ಯುದ್ಧ ಮುಗಿದಾಗ ಸ್ವೀಡನ್ ತಮ್ಮ ಜನರನ್ನು ಊರಿಗೆ ಮರಳಿಸುತ್ತದೆ ಎಂದು ಅವರು ನಂಬಿದ್ದರು. 1648ರ ವೆಸ್ಟ್‌ಫೇಲಿಯ ಒಪ್ಪಂದದಲ್ಲಿ ಜೆಕ್ ನಿರಾಶ್ರಿತರಿಗೆ ಏನೂ ಸಿಗಲಿಲ್ಲ.

1650ರಿಂದ ನಾಲ್ಕು ವರ್ಷ ಹಂಗೇರಿಯ ಶಾರೋಶ್‌ಪಾಟಕ್‌ನಲ್ಲಿ ಕಲಿಸಿದರು. ಅಲ್ಲಿ ಸಿದ್ಧವಾದದ್ದು ಅವರ ಅತ್ಯಂತ ಪ್ರಸಿದ್ಧ ಪುಸ್ತಕ, ಚಿತ್ರಗಳಲ್ಲಿ ಜಗತ್ತು, ಅಂದರೆ ಓರ್ಬಿಸ್ ಪಿಕ್ಟಸ್. ಅಚ್ಚಾದದ್ದು 1658ರಲ್ಲಿ, ನ್ಯೂರೆಂಬರ್ಗ್‌ನಲ್ಲಿ. ಮೊದಲಿಗೆ ಅಕ್ಷರಮಾಲೆ: ಕಾಗೆಯ ಕೂಗು, ಕುರಿಮರಿಯ ದನಿ ಹಿಡಿದು ಒಂದೊಂದು ಅಕ್ಷರ. ಆಮೇಲೆ 150 ಪಾಠ. ಪ್ರತಿ ಪಾಠಕ್ಕೂ ಚಿತ್ರ, ಚಿತ್ರದೊಳಗಿನ ವಸ್ತುಗಳಿಗೆ ಅಂಕಿ, ಅದೇ ಅಂಕಿಯ ಮುಂದೆ ಲ್ಯಾಟಿನ್ ಪದ, ಪಕ್ಕದ ಸಾಲಿನಲ್ಲಿ ಜರ್ಮನ್ ಪದ. ವ್ಯಾಪಾರದ ಮೇಲೆ ಒಂದು ಪಾಠ, ತೂಕ ಅಳತೆಗಳ ಮೇಲೆ ಇನ್ನೊಂದು. ಮರುವರ್ಷವೇ ಇಂಗ್ಲಿಷಿನೊಂದಿಗೆ ಬಂತು. 1685ರಲ್ಲಿ ಲ್ಯಾಟಿನ್, ಜರ್ಮನ್, ಹಂಗೇರಿಯನ್, ಜೆಕ್ ನಾಲ್ಕೂ ಅಕ್ಕಪಕ್ಕ ನಿಂತ ಆವೃತ್ತಿ ಬಂತು. ಅಷ್ಟರಲ್ಲಿ ಕೊಮೇನಿಯಸ್ ತೀರಿಕೊಂಡು 15 ವರ್ಷವಾಗಿತ್ತು.

ಅವರ ದೊಡ್ಡ ನಷ್ಟ ಲೆಶ್ನೊದಲ್ಲೇ ಆಯಿತು. ಸ್ವೀಡನ್ ಪೋಲೆಂಡಿನ ಮೇಲೆ ದಂಡೆತ್ತಿ ಬಂದಾಗ ಕೊಮೇನಿಯಸ್ ಸ್ವೀಡನ್ ರಾಜನನ್ನು ಹೊಗಳಿ ಬರೆದಿದ್ದರು. ಆಶ್ರಯ ಕೊಟ್ಟ ನಾಡಿಗೆ ಅದು ನೋವಿನ ವಿಷಯ, ಅವರ ಬದುಕಿನ ತಪ್ಪು ಹೆಜ್ಜೆ ಎಂದೇ ನನಗೆ ತೋರುತ್ತದೆ. 1656ರ ಏಪ್ರಿಲ್‌ನಲ್ಲಿ ಪಟ್ಟಣಕ್ಕೆ ಬೆಂಕಿ ಬಿತ್ತು. ಮನೆ ಹೋಯಿತು, ಹಸ್ತಪ್ರತಿಗಳು ಹೋದವು. ವಿದ್ಯಾರ್ಥಿ ದಿನಗಳಿಂದ 44 ವರ್ಷ ಕೂಡಿಟ್ಟ ಜೆಕ್ ನಿಘಂಟೂ ಬೂದಿಯಾಯಿತು. ಸಾಯುವ ತನಕ ಅವರು ಮರೆಯದ ದುಃಖ ಅದು.

ಕೊನೆಯ ವರ್ಷಗಳು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಳೆದವು. ಮನುಷ್ಯರೆಲ್ಲ ಮಾತಾಡಬಹುದಾದ ಒಂದು ಸಾಮಾನ್ಯ ಭಾಷೆಯ ಕನಸನ್ನೂ ಅವರು ಕಂಡರು. ಆದರೆ ಮಾತೃಭಾಷೆಗಳನ್ನು ಅಳಿಸಿಹಾಕುವ ಕನಸಲ್ಲ ಅದು. 1670ರ ನವೆಂಬರ್ 15ರಂದು ತೀರಿಕೊಂಡರು. ಸಮಾಧಿ ಹಾಲೆಂಡಿನ ನಾರ್ಡೆನ್‌ನಲ್ಲಿದೆ. ಊರಿಗಾಗಿ ಜೆಕ್‌ನಲ್ಲಿ ಬರೆದ ಆ ಬೋಧನಾ ಗ್ರಂಥ ಲೆಶ್ನೊದಲ್ಲಿ 1841ರಲ್ಲಿ ಸಿಕ್ಕಿತು, 1849ರಲ್ಲಿ ಅಚ್ಚಾಯಿತು. ಇಂದು ಜೆಕ್ ಮತ್ತು ಸ್ಲೊವಾಕಿಯ ದೇಶಗಳಲ್ಲಿ ಅವರ ಹುಟ್ಟುಹಬ್ಬವೇ ಶಿಕ್ಷಕರ ದಿನ.

ಸ್ನೇಹಿತರೇ, ನಾನು ಹತ್ತನೆಯ ತರಗತಿವರೆಗೆ ಉರ್ದು ಮಾಧ್ಯಮದಲ್ಲಿ ಓದಿದವನು. ಯಾರೂ ನನ್ನನ್ನು ಊರಿನಿಂದ ಓಡಿಸಿಲ್ಲ, ಕೊಮೇನಿಯಸ್ ಅವರ ಕಷ್ಟಕ್ಕೂ ನನ್ನ ಕಷ್ಟಕ್ಕೂ ಹೋಲಿಕೆ ಇಲ್ಲ. ಆದರೂ ಮೊದಲ ಪಿಯುಸಿಯ ಮೊದಲ ತಿಂಗಳು ಇಂಗ್ಲಿಷಿನ ಅಕೌಂಟೆನ್ಸಿ ಪಾಠದಲ್ಲಿ ನಾನು ಕಿವುಡನಂತೆ ಕುಳಿತಿದ್ದೆ. ಒಂದು ರಾತ್ರಿ ಅಬ್ಬಾ ಅವರ ಕಿರಾಣಿ ಅಂಗಡಿಯ ಪುಸ್ತಕ ತೆರೆದಾಗ ಎಲ್ಲ ಅರ್ಥವಾಯಿತು. ಜಮಾ, ಖರ್ಚು, ಬಾಕಿ, ರಸೀದಿ: ಇವು ಉರ್ದುವಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಉರ್ದುವಿನ ಉಧಾರವೇ ಕನ್ನಡದ ಉದ್ರಿ. ನನಗೆ ಗೊತ್ತಿದ್ದ ಪದಗಳನ್ನೇ ನಾನು ಪುಸ್ತಕದಲ್ಲಿ ಗುರುತಿಸಿರಲಿಲ್ಲ.

ನಮ್ಮ ತರಗತಿಯಲ್ಲಿ ಹೀಗೆ ಸುಮ್ಮನೆ ಕೂರುವವರು ಇನ್ನೂ ಇದ್ದಾರೆ. ಅದಕ್ಕೇ ಒಂದು ವಿನಂತಿ. ವಾಣಿಜ್ಯ ಪದಗಳ ಪಟ್ಟಿಯೊಂದನ್ನು ಇಂಗ್ಲಿಷ್, ಕನ್ನಡ, ಉರ್ದು ಮೂರೂ ಅಕ್ಕಪಕ್ಕ ಬರುವಂತೆ ಬರೆದು ನೋಟಿಸ್ ಬೋರ್ಡಿಗೆ ಹಾಕೋಣ, ವಾರಕ್ಕೆ ಹತ್ತು ಪದ. ಮೊದಲ ಹತ್ತು ನಾನು ಬರೆದಿದ್ದೇನೆ. ಕನ್ನಡದ ಕಾಗುಣಿತವನ್ನು ನಮ್ಮ ಕನ್ನಡ ಮೇಡಂ, ಉರ್ದುವನ್ನು ಉರ್ದು ಸರ್ ತಿದ್ದಿಕೊಟ್ಟರೆ ಮುಂದಿನ ಸೋಮವಾರವೇ ಶುರುಮಾಡಬಹುದು.