ಮಹಾಮಂತ್ರಿ ತಿಮ್ಮರಸನ ಕಣ್ಣು

ದೊಡ್ಡವರ ಮನೆಯಲ್ಲಿ ಮಗುವೊಂದು ಹಠಾತ್ತಾಗಿ ತೀರಿಕೊಂಡರೆ ಆ ದುಃಖ ಆ ಮನೆಯೊಳಗೇ ಉಳಿಯುವುದಿಲ್ಲ. ಊರಿಗೆ ಊರೇ ಮರುಗುತ್ತದೆ. ಮರುಗಿ ಮುಗಿಯುವ ಮೊದಲೇ ಕಾರಣ ಹುಡುಕತೊಡಗುತ್ತದೆ. ಹತ್ತಿರ ಯಾರಿದ್ದರು, ಯಾರಿಗೆ ಲಾಭವಾಯಿತು, ಯಾರು ಅತ್ತರು, ಯಾರು ಅಳಲಿಲ್ಲ ಎಂಬ ಮಾತುಗಳು ಜಗಲಿಯಿಂದ ಜಗಲಿಗೆ ಹರಿಯುತ್ತವೆ. ಬಡವನ ಮಗು ಸತ್ತರೆ ವಿಧಿ ಎಂದು ಸುಮ್ಮನಾಗುವ ನಾವೇ, ದೊರೆಯ ಮಗು ಸತ್ತರೆ ಯಾರದೋ ಕೈವಾಡ ಎನ್ನುತ್ತೇವೆ. ಹೀಗೆ ಒಂದು ಮಗುವಿನ ಸಾವಿನಿಂದ ಕಣ್ಣು ಕಳೆದುಕೊಂಡ ಮಹಾಪುರುಷನೊಬ್ಬ ಕನ್ನಡ ನಾಡಿನ ಚರಿತ್ರೆಯಲ್ಲಿದ್ದಾನೆ. ಅವನೇ ವಿಜಯನಗರದ ಮಹಾಮಂತ್ರಿ ಸಾಳುವ ತಿಮ್ಮರಸ.

ತಿಮ್ಮರಸನ ಬಾಳಿನ ಬಹುಭಾಗ ನಮಗೆ ತಿಳಿದಿರುವುದು ಇಬ್ಬರು ಪೋರ್ಚುಗೀಸರ ಬರಹಗಳಿಂದ. ಒಬ್ಬ ಡೊಮಿಂಗೊ ಪೇಸ್. ಇವನು 1520ರ ಸುಮಾರಿಗೆ ರಾಜಧಾನಿಯನ್ನು ಕಣ್ಣಾರೆ ಕಂಡವನು. ಇನ್ನೊಬ್ಬ ಫೆರ್ನಾವೊ ನೂನಿಜ್. ಇವನು ಕುದುರೆ ವ್ಯಾಪಾರಿ, ಸುಮಾರು 1535ರಲ್ಲಿ ಅಲ್ಲಿದ್ದವನು. ಇವರ ಬರಹಗಳು ಬಹುಕಾಲ ಹಸ್ತಪ್ರತಿಯಾಗಿಯೇ ಉಳಿದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸಿವೆಲ್ ತನ್ನ ಗ್ರಂಥದಲ್ಲಿ ಅವುಗಳ ಇಂಗ್ಲಿಷ್ ಅನುವಾದವನ್ನು ಸೇರಿಸಿದನು.

ನೂನಿಜ್ ಹೇಳುವ ಮೊದಲ ಘಟನೆ 1509ರದು. ಅರಸ ವೀರನರಸಿಂಹ ಸಾವಿನ ಹಾಸಿಗೆಯಲ್ಲಿದ್ದನು. ಅವನ ಮಗನಿಗೆ ಆಗ ಕೇವಲ ಎಂಟು ವರ್ಷ. ಆ ಬಾಲಕನಿಗೆ ಪಟ್ಟ ನಿರಾತಂಕವಾಗಿ ಸಿಗಲೆಂದು, ತಮ್ಮನಾದ ಕೃಷ್ಣದೇವರಾಯನ ಕಣ್ಣು ಕೀಳಿಸಿ ತಂದು ತೋರಿಸಬೇಕೆಂದು ಅವನು ತಿಮ್ಮರಸನಿಗೆ ಅಪ್ಪಣೆ ಕೊಟ್ಟನು. ತಿಮ್ಮರಸ ಕೃಷ್ಣದೇವರಾಯನನ್ನು ಲಾಯಕ್ಕೆ ಕರೆದೊಯ್ದು ವಿಷಯ ತಿಳಿಸಿದನು. ತನಗೆ ರಾಜ್ಯದ ಆಸೆಯಿಲ್ಲ, ಜೋಗಿಯಾಗಿ ಎಲ್ಲಾದರೂ ಹೋಗುತ್ತೇನೆ, ಕಣ್ಣೊಂದು ಉಳಿಸು ಎಂದು ತರುಣ ಬೇಡಿಕೊಂಡನು. ಮಂತ್ರಿ ಒಂದು ಮೇಕೆಯ ಕಣ್ಣು ಕೀಳಿಸಿ, ಅದನ್ನೇ ಅರಸನಿಗೆ ತೋರಿಸಿದನು. ಅರಸ ನಂಬಿ ಪ್ರಾಣಬಿಟ್ಟನು. ಕೃಷ್ಣದೇವರಾಯ ಪಟ್ಟಕ್ಕೆ ಬಂದನು.

ಮುಂದಿನ ಹದಿನೈದು ವರ್ಷ ರಾಯ ಮತ್ತು ಮಂತ್ರಿ ಎರಡು ದೇಹ ಒಂದು ಪ್ರಾಣದಂತಿದ್ದರು. ರಾಯ ಅವನನ್ನು ಅಪ್ಪಾಜಿ ಎಂದು ಕರೆಯುತ್ತಿದ್ದನೆಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. ಪೇಸ್ ಬರೆದಿರುವುದು ಇದಕ್ಕೆ ಹೊಂದುತ್ತದೆ: ಅರಮನೆಯ ಆಡಳಿತವೆಲ್ಲ ಈ ವೃದ್ಧನ ಕೈಯಲ್ಲಿತ್ತು, ರಾಯನನ್ನು ಸಾಕಿ ಅರಸನನ್ನಾಗಿ ಮಾಡಿದವನು ಇವನೇ, ಆದ್ದರಿಂದ ರಾಯ ಇವನನ್ನು ತಂದೆಯಂತೆ ಕಾಣುತ್ತಿದ್ದನು.

ರಾಯನ ಮೊದಲ ದೊಡ್ಡ ಯುದ್ಧಗಳಲ್ಲೊಂದು ನಡೆದದ್ದು ನೀಲಗಿರಿಯ ತಪ್ಪಲಿನ ಸೀಮೆಯ ಅರಸರ ಮೇಲೆ. ಮಸಿನಗುಡಿಯಿಂದ ತೆಪ್ಪಕಾಡು, ಬಂಡೀಪುರ ದಾಟಿ ಗುಂಡ್ಲುಪೇಟೆಗೆ ಬಂದರೆ ಸಿಗುವುದು ಇಂದಿನ ಚಾಮರಾಜನಗರ ಜಿಲ್ಲೆ. ಅಲ್ಲಿಯ ಉಮ್ಮತ್ತೂರಿನ ಅರಸರು ನೀಲಗಿರಿಯ ಒಡೆಯರೆಂಬ ಬಿರುದನ್ನೂ ಧರಿಸಿದ್ದರು. ಅವರ ನಾಯಕ ಗಂಗರಾಜ ವಿಜಯನಗರಕ್ಕೆ ತಲೆಬಾಗದೆ ಶಿವನಸಮುದ್ರದ ಕೋಟೆಯಲ್ಲಿ ನಿಂತನು. 1512ರ ಹೊತ್ತಿಗೆ ಆ ಕೋಟೆ ಬಿತ್ತು. ಗಂಗರಾಜ ಕಾವೇರಿಯ ಪಾಲಾದನು. ಇಂದು ಉದಕಮಂಡಲ, ಗೂಡಲೂರುಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳೂ, ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂದು ಹೇಳಿಕೊಳ್ಳುವ ಬಡಗರೂ ಈ ಕತೆಗೆ ಹೊರಗಿನವರಲ್ಲ. ಬಾರಕೂರು, ಮಂಗಳೂರು ರಾಜ್ಯಗಳಾಗಿ ಅದೇ ಸಿಂಹಾಸನಕ್ಕೆ ಕಪ್ಪ ಕೊಟ್ಟ ನಮ್ಮ ಕರಾವಳಿಯೂ ಹೊರಗಿನದಲ್ಲ.

ಉಮ್ಮತ್ತೂರಿನ ನಂತರ ಉದಯಗಿರಿ, ಆಮೇಲೆ 1515ರಲ್ಲಿ ಕೊಂಡವೀಡು. ಗಜಪತಿಯಿಂದ ಗೆದ್ದ ಕೊಂಡವೀಡಿನ ಆಡಳಿತವನ್ನು ರಾಯ ತಿಮ್ಮರಸನಿಗೇ ಒಪ್ಪಿಸಿದನು. ತಿಮ್ಮರಸ ಕತ್ತಿ ಲೆಕ್ಕಗಳಲ್ಲಿ ಮಾತ್ರ ಪಳಗಿದವನಲ್ಲ. ಅಗಸ್ತ್ಯ ಕವಿಯ ಭಾರತ ಕಾವ್ಯಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದ ವಿದ್ವಾಂಸನೂ ಹೌದು. 1520ರ ರಾಯಚೂರು ವಿಜಯದ ಮೇಲೆ ವಿಜಯನಗರಕ್ಕೆ ಎದುರಿಲ್ಲದಂತಾಯಿತು.

1524ರಲ್ಲಿ ರಾಯ ಒಂದು ವಿಚಿತ್ರ ಕಾರ್ಯ ಮಾಡಿದನು. ತಿರುಮಲದೇವಿಯಲ್ಲಿ ಹುಟ್ಟಿದ ಆರು ವರ್ಷದ ಮಗ ತಿರುಮಲನಿಗೆ ತಾನು ಬದುಕಿರುವಾಗಲೇ ಪಟ್ಟ ಕಟ್ಟಿ, ತಾನು ಆ ಮಗುವಿನ ಮಂತ್ರಿಯಂತೆ ನಿಂತನು. ಆ ಹುಡುಗನ ಹೆಸರಿನಲ್ಲಿ ಹೊರಟ ಶಾಸನಗಳೂ ದೊರೆತಿವೆ. ಅಣ್ಣನ ಕೊನೆಗಾಲದಲ್ಲಿ ತನಗೆ ಬಂದ ಗಂಡಾಂತರವನ್ನು ರಾಯ ಮರೆತಿರಲಾರನು. ತನ್ನ ಮಗನಿಗೆ ಅಂಥ ಗಂಡಾಂತರ ಬರಬಾರದೆಂಬ ತಂದೆಯ ಆಸೆಯೇ ಇದರಲ್ಲಿ ನಮಗೆ ಕಾಣುತ್ತದೆ. ಪಟ್ಟಾಭಿಷೇಕದ ಸಂಭ್ರಮ ಎಂಟು ತಿಂಗಳು ನಡೆಯಿತೆಂದು ನೂನಿಜ್ ಬರೆಯುತ್ತಾನೆ. ಆ ಸಂಭ್ರಮದ ನಡುವೆಯೇ ಮಗು ಕಾಯಿಲೆ ಬಿದ್ದು ತೀರಿಹೋಯಿತು.

ಹಬ್ಬದ ತೋರಣ ಬಾಡುವ ಮೊದಲೇ ಸೂತಕ ಬಂದ ಊರಿನಲ್ಲಿ ಜನ ಏನು ಆಡಿಕೊಂಡಿರಬಹುದೆಂದು ಊಹಿಸುವುದು ಕಷ್ಟವಲ್ಲ. ತಿಮ್ಮರಸನ ಮಗ ವಿಷವಿಟ್ಟನೆಂದು ಅರಸನಿಗೆ ತಿಳಿದುಬಂತು – ನೂನಿಜ್ ಹೇಳುವುದು ಇಷ್ಟನ್ನೇ. ತಿಳಿಸಿದವರ ಹೆಸರಿಲ್ಲ, ಸಾಕ್ಷಿಯ ಮಾತಿಲ್ಲ. ಅಂದಿನ ಕಾಲದಲ್ಲಿ ಸಿಡುಬು, ಜ್ವರ, ವಾಂತಿಭೇದಿಗಳಿಗೆ ಅರಮನೆ ಗುಡಿಸಲೆಂಬ ಭೇದವಿರಲಿಲ್ಲ. ಜೆನ್ನರ್ ಸಿಡುಬಿನ ಲಸಿಕೆಯನ್ನು ಪರೀಕ್ಷಿಸಿದ್ದು 1796ರಲ್ಲಿ. ಅದು ನಮ್ಮ ದೇಶದಲ್ಲಿ ಮೊದಲಿಗೆ ಮುಂಬಯಿಯ ಮಗುವೊಂದಕ್ಕೆ ಬಿದ್ದದ್ದು 1802ರಲ್ಲಿ. ಅದಕ್ಕೂ ಇನ್ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದೆ ಆರು ವರ್ಷದ ಮಗುವೊಂದು ಕಾಯಿಲೆಯಿಂದ ಸಾಯಲು ವಿಷವೇ ಬೇಕಾಗಿರಲಿಲ್ಲ. ಆದರೆ ಮಗನ ಶವದ ಮುಂದೆ ಕುಳಿತ ತಂದೆಗೆ ಈ ವಿವೇಕ ಹೇಳುವವರು ಯಾರು? ಹೇಳಬೇಕಾದ ಮಂತ್ರಿಯ ಮೇಲೆಯೇ ಅಪವಾದ ಬಂದಿತ್ತು.

ತಿಮ್ಮರಸನ ಬಂಧುಬಳಗ ದೊಡ್ಡದು. ಅವನನ್ನು ಹಿಡಿಯುವುದು ಸುಲಭವಲ್ಲವೆಂದು ರಾಯನಿಗೆ ಗೊತ್ತಿತ್ತು. ಆಗ ಊರಿನಲ್ಲಿದ್ದ ಪೋರ್ಚುಗೀಸರ ನೆರವನ್ನೂ ಪಡೆದು, ಮಂತ್ರಿಯನ್ನು ಆಸ್ಥಾನಕ್ಕೆ ಕರೆಸಿ, ಮಕ್ಕಳೊಡನೆ ಸೆರೆಹಿಡಿಸಿದನು. ಅಲ್ಲಿ ರಾಯ ಹೊರಿಸಿದನೆಂದು ನೂನಿಜ್ ಬರೆದಿರುವ ಆರೋಪವನ್ನು ಓದಿದಾಗ ನಮ್ಮ ಎದೆ ನಡುಗುತ್ತದೆ. ಮಗುವಿಗೆ ವಿಷವಿಟ್ಟದ್ದು ಮಾತ್ರ ಅಪರಾಧವಲ್ಲ; ಹಿಂದೆ ಒಡೆಯನಾದ ಅಣ್ಣ ಕಣ್ಣು ಕೀಳೆಂದು ಆಜ್ಞೆ ಮಾಡಿದಾಗ ಅದನ್ನು ನಡೆಸದೆ ಮೇಕೆಯ ಕಣ್ಣು ತೋರಿಸಿ ವಂಚಿಸಿದ್ದೂ ರಾಜದ್ರೋಹವೇ ಎಂದನಂತೆ! ಯಾವ ಉಪಕಾರದಿಂದ ರಾಯನಿಗೆ ಕಣ್ಣೂ ರಾಜ್ಯವೂ ಉಳಿದವೋ ಅದೇ ಉಪಕಾರ ಅಪರಾಧಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ಸಂಶಯ ಹೊಕ್ಕ ಮನಸ್ಸು ಹಳೆಯ ಒಳ್ಳೆಯತನವನ್ನೂ ತಿರುವಿಹಾಕಿ ನೋಡುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಮೂರು ವರ್ಷ ಸೆರೆವಾಸವಾಯಿತು. ನಡುವೆ ಒಬ್ಬ ಮಗ ತಪ್ಪಿಸಿಕೊಂಡು ಬೆಟ್ಟಸೀಮೆ ಸೇರಿ ದಂಗೆಯೆದ್ದನು. ಅವನನ್ನು ಹಿಡಿದು ತಂದ ಮೇಲೆ ತಂದೆಯ, ಇಬ್ಬರು ಮಕ್ಕಳ ಕಣ್ಣುಗಳನ್ನು ಕೀಳಿಸಲಾಯಿತು. ದಂಗೆಯೆದ್ದ ಮಗ ಸೆರೆಯಲ್ಲೇ ಸತ್ತನು. ಕುರುಡನಾದ ಮುದುಕ ಇನ್ನೊಬ್ಬ ಮಗನೊಡನೆ ಬಂದಿಖಾನೆಯಲ್ಲಿ ಉಳಿದನು. ಪೆನುಗೊಂಡೆಯಲ್ಲಿ ತಿಮ್ಮರಸನ ಸೆರೆಮನೆ ಎಂದು ಜನ ಇಂದಿಗೂ ಒಂದು ಕಟ್ಟಡವನ್ನು ತೋರಿಸುತ್ತಾರೆ.

ರಾಯನಿಗಾದರೂ ಇದರಿಂದ ಸಮಾಧಾನ ದೊರೆಯಿತೇ? ಹೋದ ಮಗ ಬರಲಿಲ್ಲ. ಸಲಹೆ ಹೇಳುವ ಹಿರಿಯನೂ ಇಲ್ಲವಾದನು. ತುಮಕೂರಿನ ಬಳಿಯ ಹೊನ್ನೇನಹಳ್ಳಿಯಲ್ಲಿ ಸಿಕ್ಕಿ 2022ರಲ್ಲಿ ಬೆಳಕಿಗೆ ಬಂದ ಶಾಸನದಿಂದ ರಾಯ ತೀರಿಕೊಂಡದ್ದು 1529ರ ಅಕ್ಟೋಬರ್ 17ರಂದು ಎಂದು ಗೊತ್ತಾಗಿದೆ. ಆಗ ಉಳಿದಿದ್ದ ಮಗ ಹದಿನೆಂಟು ತಿಂಗಳ ಕೂಸು ಎನ್ನುತ್ತಾನೆ ನೂನಿಜ್. ಸಿಂಹಾಸನ ತಮ್ಮ ಅಚ್ಯುತರಾಯನಿಗೆ ಹೋಯಿತು. ವೀರನರಸಿಂಹ ತನ್ನ ಮಗುವಿಗಾಗಿ ತಮ್ಮನ ಕಣ್ಣು ಕೇಳಿದನು. ಕೃಷ್ಣದೇವರಾಯ ತನ್ನ ಮಗುವಿಗಾಗಿ ಮಂತ್ರಿಯ ಕಣ್ಣು ತೆಗೆಸಿದನು. ಇಬ್ಬರ ಮಕ್ಕಳಿಗೂ ರಾಜ್ಯ ನಿಲ್ಲಲಿಲ್ಲ.

ಆದರೆ ಈ ಮೊಕದ್ದಮೆ ರಾಯನ ಆಸ್ಥಾನದಲ್ಲಿ ಮುಗಿಯಲಿಲ್ಲ; ಅದನ್ನು ಜನ ತಮ್ಮ ಮುಂದೆ ಎಳೆದುಕೊಂಡರು. ರಾಯನನ್ನು ದೇವರಂತೆ ಕಾಣುವ ಕನ್ನಡ ತೆಲುಗು ನಾಡುಗಳೆರಡೂ ಈ ಒಂದು ವಿಷಯದಲ್ಲಿ ಮಾತ್ರ ರಾಯನ ತೀರ್ಪನ್ನು ಒಪ್ಪಲಿಲ್ಲ. 1962ರಲ್ಲಿ ತೆಲುಗಿನಲ್ಲಿ ಈ ಕತೆ ಚಲನಚಿತ್ರವಾದಾಗ ಅದಕ್ಕೆ ಇಟ್ಟ ಹೆಸರೇ ಮಹಾಮಂತ್ರಿ ತಿಮ್ಮರುಸು. 1970ರ ಕನ್ನಡದ ಶ್ರೀ ಕೃಷ್ಣದೇವರಾಯ ಚಿತ್ರದಲ್ಲಿ ರಾಜಕುಮಾರ್ ರಾಯನಾದರು, ನಿರ್ದೇಶಕ ಬಿ. ಆರ್. ಪಂತುಲು ತಿಮ್ಮರಸನ ಪಾತ್ರವನ್ನು ತಾವೇ ವಹಿಸಿದರು. ಅಪ್ಪಾಜಿ ನಿರಪರಾಧಿ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಗಟ್ಟಿಯಾಗಿದೆ.

ಜನರ ಈ ತೀರ್ಪು ನಮಗೆ ಹೆಮ್ಮೆಯ ವಿಷಯವೇ. ಆದರೂ ಒಂದು ಮಾತನ್ನು ನಾವು ಮರೆಯಬಾರದು. ಮಗು ಸತ್ತ ಮನೆಯ ಬಾಗಿಲಲ್ಲಿ ನಿಂತು ಕಾರಣ ಊಹಿಸುವವರೂ ಜನರೇ. ನೂರಾರು ವರ್ಷಗಳ ಮೇಲೆ ನಿರಪರಾಧಿಗಾಗಿ ಕಣ್ಣೀರಿಡುವವರೂ ಜನರೇ. ಇಂದು ಹೆಸರಾಂತರ ಮನೆಯಲ್ಲಿ ಇಂಥ ದುಃಖ ಬಂದರೆ ಸುದ್ದಿ ಗಳಿಗೆಯಲ್ಲಿ ದೇಶ ಸುತ್ತುತ್ತದೆ, ಅದರ ಬೆನ್ನಿಗೇ ಸಂಶಯವೂ ಸುತ್ತುತ್ತದೆ. ಕೈಯಲ್ಲಿ ಅಧಿಕಾರವಿಲ್ಲದ ನಾವು ಯಾರ ಕಣ್ಣನ್ನೂ ಕೀಳಿಸಲಾರೆವು, ನಿಜ. ಆದರೆ ರಾಯನ ಕಿವಿಗೆ ಬಿದ್ದಂಥ ಒಂದು ಮಾತು ನಮ್ಮ ಬಾಯಿಂದಲೂ ಹೊರಡಬಹುದು. ಅಂಥ ಹೊತ್ತಿನಲ್ಲಿ ಮಗುವಿಗಾಗಿ ಮರುಗಿ, ಉಳಿದದ್ದಕ್ಕೆ ಸುಮ್ಮನಿರುವುದೇ ತಿಮ್ಮರಸನಿಗೆ ನಾವು ಸಲ್ಲಿಸಬಹುದಾದ ನ್ಯಾಯ.